ಗೊಬ್ಬರದ ಲಾರಿಯೂ ಗುಳಿಗೆಯ ಪುಸ್ತಕವೂ



ಕಳೆದ ವಾರ್ಷಿಕ ಮಹಾಸಭೆಯಲ್ಲಿ ಲೆಕ್ಕಪತ್ರ ಮಂಜೂರಾಗುವ ಹೊತ್ತಿಗೆ ಹಿರಿಯ ಸದಸ್ಯರೊಬ್ಬರು ಎದ್ದುನಿಂತು ಒಂದು ಪ್ರಶ್ನೆ ಕೇಳಿದರು. "ಕೊರೋನಾ ಹೋಗಿ ಎಷ್ಟು ಕಾಲವಾಯಿತು! ಇನ್ನೂ ಈ ಗುಳಿಗೆ ಪುಸ್ತಕ, ಅದಕ್ಕೊಂದು ಡ್ರೈವರ್ ಭತ್ಯೆ, ಇದೆಲ್ಲ ಸಂಘಕ್ಕೆ ಯಾಕೆ? ನಾವೇನು ಆಸ್ಪತ್ರೆ ನಡೆಸುತ್ತೇವೆಯೋ?" ಕೆಲವರು ನಕ್ಕರು. ಊಟದ ವೇಳೆಯೂ ಆಗಿತ್ತು. "ಮುಂದಿನ ಸಂಚಿಕೆಯಲ್ಲಿ ವಿವರವಾಗಿ ಬರೆಯುತ್ತೇವೆ" ಎಂದು ಹೇಳಿ ನಾವು ಕುಳಿತೆವು. ಪ್ರಶ್ನೆ ನ್ಯಾಯವಾದುದೇ. ಸಂಘದ ಹಣದಲ್ಲಿ ಒಂದು ಪೈಸೆ ಖರ್ಚಾದರೂ ಏಕೆಂದು ಕೇಳುವ ಹಕ್ಕು ಸದಸ್ಯರಿಗಿದೆ. ಕೊಡಬೇಕಾದ ಉತ್ತರವನ್ನು ಇಲ್ಲಿ ಬರೆದಿದ್ದೇವೆ. ಬರೆಯುವಾಗ ನಮ್ಮದೇ ತಪ್ಪೊಂದನ್ನು ಹೇಳಿಕೊಳ್ಳಬೇಕಾಗಿದೆ; ಮಹಾಸಭೆಯಲ್ಲಿ ಬಾಯಿಬಿಡಲು ಹಿಂಜರಿದುದಕ್ಕೆ ಅದೂ ಒಂದು ಕಾರಣ.

2020ರ ಮಾರ್ಚ್ ತಿಂಗಳನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳೋಣ. ರೋಬಸ್ಟಾ ಕೊಯ್ಲು ಮುಗಿದು ಕಾಳುಮೆಣಸು ಅಂಗಳದಲ್ಲಿ ಒಣಗುತ್ತಿತ್ತು. ಕೆರೆಯಲ್ಲಿ ನೀರಿದ್ದವರು ಹೂವಿಗೆ ಸ್ಪ್ರಿಂಕ್ಲರ್ ಹಾಕಿ ಮುಗಿಸಿದ್ದರು. ಇಲ್ಲದವರು ಮುಗಿಲು ನೋಡುತ್ತಿದ್ದರು. ಚೀನಾದಲ್ಲಿ ಏನೋ ಕಾಯಿಲೆಯಂತೆ ಎಂದು ಜನವರಿಯಿಂದಲೇ ಪತ್ರಿಕೆಯಲ್ಲಿ ಓದುತ್ತಿದ್ದೆವಾದರೂ ಅದು ಈ ಘಟ್ಟದ ಮೂಲೆಗೆ ಬಂದೀತೆಂಬ ಎಣಿಕೆ ನಮಗಿರಲಿಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಜಗತ್ತಿಗೇ ಹಬ್ಬಿದ ಪಿಡುಗೆಂದು ಸಾರಿತು. 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತು. ಬಸ್ಸುಗಳು ನಿಂತವು. ಸರ್ಕಾರಿ ಬಸ್ಸು ಮತ್ತೆ ರಸ್ತೆಗೆ ಇಳಿದುದು ಮೇ 19ರಂದು. ನಮ್ಮ ಸೀಮೆಯ ಜನಕ್ಕಂತೂ ಬಸ್ಸಿನ ಪೆಟ್ಟು ಮೊದಲೇ ಬಿದ್ದಿತ್ತು. ಕೊಪ್ಪದಲ್ಲಿ ಕಾರ್ಮಿಕರೇ 1991ರಲ್ಲಿ ಕಟ್ಟಿ ಬೆಳೆಸಿದ್ದ ಸಹಕಾರ ಸಾರಿಗೆಯು ನಷ್ಟ ತಾಳಲಾರದೆ ಅದೇ ಫೆಬ್ರುವರಿಯಲ್ಲಿ ತನ್ನ ಓಡಾಟವನ್ನು ನಿಲ್ಲಿಸಿತ್ತು. (ಸಹಕಾರಿಗಳಾದ ನಮಗೆ ಆ ಸಂಕಟ ಬೇರೆಯೇ. ಅದನ್ನು ಇನ್ನೊಮ್ಮೆ ಬರೆಯೋಣ.)

ನಮ್ಮ ಸಂಘದ ಗೋದಾಮಿನಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 14 ಕಿಲೋಮೀಟರು. ಬಯಲುಸೀಮೆಯಲ್ಲಿ 30,000 ಜನಕ್ಕೊಂದು ಆರೋಗ್ಯ ಕೇಂದ್ರ, 5,000 ಜನಕ್ಕೊಂದು ಉಪಕೇಂದ್ರ. ಗುಡ್ಡಗಾಡಿನಲ್ಲಿ 20,000ಕ್ಕೆ ಒಂದು, 3,000ಕ್ಕೆ ಒಂದು ಎಂಬುದು ಸರ್ಕಾರದ ಅಳತೆ. ಕಾಗದದ ಮೇಲೆ ನಮಗೆ ರಿಯಾಯಿತಿ ಉಂಟು, ನಿಜ. ಆದರೆ ಬಯಲಿನಲ್ಲಿ ನಡೆಯುವ ಒಂದು ಮೈಲಿಗೂ ಸಂಕ ದಾಟಿ, ಗುಡ್ಡ ಹತ್ತಿ ಇಳಿದು ನಡೆಯುವ ಒಂದು ಮೈಲಿಗೂ ಇರುವ ವ್ಯತ್ಯಾಸವನ್ನು ಯಾವ ಅಳತೆಗೋಲೂ ಹಿಡಿಯುವುದಿಲ್ಲ. ಬಸ್ಸು ಇದ್ದಾಗ ಈ ವ್ಯತ್ಯಾಸ ನಮಗೆ ಕಾಣುತ್ತಿರಲಿಲ್ಲ. ಸಂತೆಗೆ ಹೋದವರು ಸಂತೆಚೀಲದಲ್ಲಿ ಉಪ್ಪು ಮೆಣಸಿನಕಾಯಿಯ ಜೊತೆಗೆ ತಿಂಗಳ ಗುಳಿಗೆಯನ್ನೂ ಹಾಕಿಕೊಂಡು ಬರುತ್ತಿದ್ದರು.

ನಮ್ಮ ತೋಟದ ಲೈನಿನಲ್ಲಿ ಮೂವತ್ತು ವರ್ಷದಿಂದ ಇರುವ ಹೆಂಗಸೊಬ್ಬಳಿದ್ದಾಳೆ. ಹೆಸರು ಬೇಡ. ಅರೇಬಿಕಾ ಹಣ್ಣು ಆಯುವುದರಲ್ಲಿ ಅವಳ ಕೈಗೆ ಸಮ ಇನ್ನೊಂದು ಕೈ ಇರಲಿಲ್ಲ. ರಕ್ತದೊತ್ತಡಕ್ಕೆ ದಿನಕ್ಕೊಂದರಂತೆ ಗುಳಿಗೆ ನುಂಗುತ್ತಿದ್ದಳು. ಮೂವತ್ತು ಗುಳಿಗೆ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತಿತ್ತು. ಏಪ್ರಿಲ್ ಎರಡನೆಯ ವಾರದಲ್ಲಿ ಅದು ಮುಗಿಯಿತು. ನಮ್ಮ ರೈಟರನ್ನು ಕೇಳಿದಳಂತೆ. "ಪೇಟೆಗೆ ಹೋಗುವ ಹಾಗಿಲ್ಲಮ್ಮ, ಪೊಲೀಸರು ಹೊಡೆಯುತ್ತಾರೆ" ಎಂದನಂತೆ. ಅವನು ಹೇಳಿದ್ದು ಆಗಿನ ಮಟ್ಟಿಗೆ ಸುಳ್ಳಲ್ಲ. ಪಕ್ಕದ ಮನೆಯವಳ ಹತ್ತಿರ ಎರಡು ದಿನಕ್ಕೆ ಕಡ ತೆಗೆದುಕೊಂಡಳು. ಅದು ಸಕ್ಕರೆ ಕಾಯಿಲೆಯ ಗುಳಿಗೆ ಎಂದು ಇಬ್ಬರಿಗೂ ತಿಳಿಯದು. ಆಮೇಲೆ ಅದನ್ನೂ ಬಿಟ್ಟಳು. ಒಂದು ದಿನ ಕಣದಲ್ಲಿ ಸಿಕ್ಕಾಗ ನಾವೇ "ಹುಷಾರಾಗಿದ್ದೀಯೇನೇ?" ಎಂದು ಕೇಳಿದ್ದೆವು. "ತಲೆನೋವಿಲ್ಲ, ತಲೆಸುತ್ತಿಲ್ಲ, ಚೆನ್ನಾಗಿದೀನಿ ಅಯ್ಯಾ" ಎಂದಳು. ರಕ್ತದೊತ್ತಡದ ಕುತಂತ್ರವೇ ಅದು. ಗಿಡದ ಬುಡದಲ್ಲಿ ಬೇರುಕೊಳೆ ಹಿಡಿದಾಗಲೂ ಮೇಲಿನ ಎಲೆ ಹಸಿರಾಗಿಯೇ ಇರುತ್ತದೆಯಲ್ಲ, ಹಾಗೆ.

ಮೇ ಮೊದಲ ವಾರ ಒಂದು ಬೆಳಗ್ಗೆ ಒಲೆ ಹೊತ್ತಿಸುವಾಗ ಬಿದ್ದಳು. ಬಲಗೈ ಬಲಗಾಲು ಹೋಗಿ ಬಾಯಿ ಸೊಟ್ಟಗಾಗಿತ್ತು. 108ಕ್ಕೆ ಫೋನು ಮಾಡಿದರೆ ಗಾಡಿ ಕೊರೋನಾ ಕೆಲಸದ ಮೇಲೆ ದೂರ ಹೋಗಿದೆ, ತಡವಾಗುತ್ತದೆ ಎಂದರು. ನಮ್ಮ ಜೀಪಿನಲ್ಲಿಯೇ ಕರೆದೊಯ್ದೆವು. ಮೂರು ಕಡೆ ತಡೆದರು, ಮೂರು ಕಡೆಯೂ ವಿಷಯ ತಿಳಿದು ಬಿಟ್ಟರು. ಮೊದಲು ಆರೋಗ್ಯ ಕೇಂದ್ರ, ಅಲ್ಲಿಂದ ತಾಲೂಕು, ಅಲ್ಲಿಂದ ಜಿಲ್ಲೆ. ಜೀವ ಉಳಿಯಿತು. ಕೈ ಬರಲಿಲ್ಲ. ಈಗ ಎಡಗೈಯಲ್ಲಿ ಊಟ ಮಾಡುತ್ತಾಳೆ.

ಆರೋಗ್ಯ ಕೇಂದ್ರದಲ್ಲಿ ವೈದ್ಯರು ಅವಳ ಹಳೆಯ ಚೀಟಿ ನೋಡಿ, ಗುಳಿಗೆ ನಿಂತು ಎಷ್ಟು ದಿನವಾಯಿತೆಂದು ಕೇಳಿದರು. ಮೂರು ವಾರವೆಂದೆವು. ಅವರು ಏನೂ ಹೇಳದೆ ಗೋಡೆಯ ಕಪಾಟು ತೆರೆದು ತೋರಿಸಿದರು. ಪೆಟ್ಟಿಗೆ ಪೆಟ್ಟಿಗೆ ಅದೇ ಗುಳಿಗೆ. "ಇಲ್ಲೇ ಇತ್ತಲ್ಲ ಸೆಕ್ರೆಟರಿಗಳೇ. ಯಾರ ಕೈಯಲ್ಲಾದರೂ ಚೀಟಿ ಕಳಿಸಿದ್ದರೆ ಕೊಡುತ್ತಿದ್ದೆವು. ಮೂರು ತಿಂಗಳಿಗಾಗುವಷ್ಟು ಒಟ್ಟಿಗೇ ಕೊಡಬಹುದು ಎಂದು ಆದೇಶವೂ ಬಂದಿದೆ." ಹೌದು, ಅಂಥ ಸೂಚನೆಯನ್ನು ಕೇಂದ್ರ ಸರ್ಕಾರ ಏಪ್ರಿಲ್‌ನಲ್ಲಿಯೇ ಹೊರಡಿಸಿತ್ತು. ರಕ್ತದೊತ್ತಡ, ಸಕ್ಕರೆ ಮೊದಲಾದ ದೀರ್ಘ ಕಾಯಿಲೆಯವರಿಗೆ ಆಶಾ ಕಾರ್ಯಕರ್ತೆಯರ ಮೂಲಕವೋ ಉಪಕೇಂದ್ರದ ಮೂಲಕವೋ ಔಷಧಿ ಮುಟ್ಟಿಸಬೇಕೆಂದು ಅದರಲ್ಲಿತ್ತು.

ಆ ದಿನ ರಾತ್ರಿ ಸಂಘಕ್ಕೆ ಬಂದು ಲಾರಿಯ ಲಾಗ್ ಪುಸ್ತಕ ತೆಗೆದು ನೋಡಿದೆವು. ಗೊಬ್ಬರ, ಮೈಲುತುತ್ತ ತರುವುದಕ್ಕೆಂದು ಸಂಘದ ಲಾರಿಗೆ ಮೊದಲ ವಾರದಲ್ಲಿಯೇ ಪಾಸು ಸಿಕ್ಕಿತ್ತು. ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸಲು ಮೈಲುತುತ್ತ ಮಳೆಗೆ ಮೊದಲು ಬಂದು ಬಿದ್ದಿರಬೇಕೆಂದು ನಾವು ಎಷ್ಟು ಓಡಾಡಿದೆವು, ಎಷ್ಟು ಕಚೇರಿಗೆ ಅರ್ಜಿ ಬರೆದೆವು ಎಂಬುದು ನಿಮಗೆಲ್ಲ ಗೊತ್ತು. ಆ ಸಂಚಿಕೆಯಲ್ಲಿ ಅದನ್ನು ಹೆಮ್ಮೆಯಿಂದ ಅಚ್ಚು ಹಾಕಿಸಿಯೂ ಇದ್ದೆವು. ಅವಳ ಗುಳಿಗೆ ಮುಗಿದ ದಿನದಿಂದ ಅವಳು ಬಿದ್ದ ದಿನದವರೆಗೆ ಆ ಲಾರಿ ಆರೋಗ್ಯ ಕೇಂದ್ರದ ಮುಂದೆ ಏಳು ಸಲ ಹಾದು ಹೋಗಿತ್ತು. ಏಳು ಸಲ ಹಿಂದಕ್ಕೆ ಬಂದಿತ್ತು. ಮೈಲುತುತ್ತದ ಮೂಟೆಯ ಮೇಲೆ ಒಂದು ಗುಳಿಗೆ ಪೊಟ್ಟಣ ಬರಬಹುದೆಂದು ಕಾರ್ಯದರ್ಶಿಯಾದ ನಮಗೆ ಹೊಳೆಯಲಿಲ್ಲ. ಬಿ.ಎಸ್ಸಿ. ಓದಿದ್ದರಿಂದ ಆದ ಪ್ರಯೋಜನ ಇಷ್ಟೇ.

ಇದನ್ನು ಇಷ್ಟು ಉದ್ದವಾಗಿ ಬರೆಯಲು ಕಾರಣವಿದೆ. ಪಿಡುಗು ಬಂದಾಗ ಹಳ್ಳಿಯ ವೈದ್ಯ ಸೌಲಭ್ಯ ಹೇಗೆ ಕೈತಪ್ಪುತ್ತದೆ ಎಂಬುದನ್ನು ನಾವು ಬೇರೆಯೇ ರೀತಿ ಕಲ್ಪಿಸಿಕೊಂಡಿದ್ದೆವು. ಆಸ್ಪತ್ರೆಗೆ ಬೀಗ ಬೀಳುತ್ತದೆ, ಔಷಧಿ ಮುಗಿದು ಹೋಗುತ್ತದೆ ಎಂದು. ನಮ್ಮಲ್ಲಿ ಬೀಗ ಬೀಳಲಿಲ್ಲ, ಔಷಧಿ ಮುಗಿಯಲಿಲ್ಲ. ಅಲ್ಲಿ ಇದ್ದುದೇ ನಾಲ್ಕಾರು ಕೈ. ಆ ಕೈಗಳೆಲ್ಲ ಬೇರೆ ಕೆಲಸಕ್ಕೆ ಹೋದವು. ವೈದ್ಯರು ವಾರಕ್ಕೆ ಮೂರು ದಿನ ಚೆಕ್‌ಪೋಸ್ಟ್, ಹಾಸ್ಟೆಲಿನಲ್ಲಿ ಕೂಡಿಟ್ಟವರ ತಪಾಸಣೆ. ಸಿಸ್ಟರು ಬೆಂಗಳೂರು, ಮುಂಬಯಿಯಿಂದ ಬಂದವರ ಪಟ್ಟಿ ಹಿಡಿದು ಹೊರಟರೆ ಸಂಜೆಗೆ ಬರುವುದು. ಆಶಾ ಕಾರ್ಯಕರ್ತೆಯರಂತೂ ಮನೆಮನೆ ಸಮೀಕ್ಷೆ, ಬಾಗಿಲಿಗೆ ಚೀಟಿ ಅಂಟಿಸುವುದು, ಬೈಗುಳ ತಿನ್ನುವುದು. ಬಾಣಂತಿಯ ಮನೆಗೆ ಹೋಗಬೇಕಾದವಳು ಅದೇ, ಕೂಸಿನ ಲಸಿಕೆ ದಿನ ನೆನಪಿಸಬೇಕಾದವಳು ಅದೇ, ಕ್ಷಯದವನಿಗೆ ಗುಳಿಗೆ ನುಂಗಿಸಬೇಕಾದವಳೂ ಅದೇ. ತೋಟದಲ್ಲಿ ಇರುವ ಒಬ್ಬನೇ ಕೊನೆಗಾರನನ್ನು ಕರೆದು ಪಂಪು ರಿಪೇರಿಗೆ ಕೂರಿಸಿದರೆ ಕೊನೆ ಯಾರು ಇಳಿಸಬೇಕು?

ಆ ವರ್ಷ ಜುಲೈ 10ರಿಂದ ರಾಜ್ಯದ ಆಶಾ ಕಾರ್ಯಕರ್ತೆಯರು ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ, ಮುಖಗವಸು ಕೈಗವಸು ಕೊಡಿ ಎಂಬುದು ಬೇಡಿಕೆ. ನಮ್ಮ ಸದಸ್ಯರಲ್ಲಿಯೇ ಕೆಲವರು "ಇಂಥ ಹೊತ್ತಿನಲ್ಲಿ ಮುಷ್ಕರವೇ?" ಎಂದರು. ಇಂಥ ಹೊತ್ತಿನಲ್ಲಲ್ಲದೆ ಅವರ ಮಾತು ಇನ್ನಾವಾಗ ಕೇಳಿಸೀತು ಎಂಬುದು ನಮ್ಮ ಅಭಿಪ್ರಾಯ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತದ ಆಶಾ ಕಾರ್ಯಕರ್ತೆಯರಿಗೆಲ್ಲ ಸೇರಿ ಒಂದು ಪ್ರಶಸ್ತಿ ಕೊಟ್ಟಿತು. ಒಳ್ಳೆಯದೇ ಆಯಿತು.

ಇನ್ನು ಜ್ವರದ ಮಾತು. ಮಲೆನಾಡಿನಲ್ಲಿ ಡಿಸೆಂಬರಿನಿಂದ ಮೇವರೆಗೆ ಜ್ವರ ಎಂದರೆ ಮೊದಲು ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಗೊತ್ತಾದ ಈ ಕಾಯಿಲೆ ಉಣುಗು ಕಚ್ಚಿ ಬರುವುದೆಂದು ನಿಮಗೆ ಹೇಳಬೇಕಾಗಿಲ್ಲ. 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಅದು ಮಾಡಿದ ಅನಾಹುತ ಇನ್ನೂ ಹಸಿಯಾಗಿರುವಾಗಲೇ ಕೊರೋನಾ ಬಂದಿತು. ಮಂಗನ ಕಾಯಿಲೆಗೆ ಬೇಕಾದುದೇನು? ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚುವ ಎಣ್ಣೆ ಹಂಚಬೇಕು. ಸತ್ತ ಮಂಗದ ಸುದ್ದಿ ಬಂದರೆ ಹೋಗಿ ನೋಡಬೇಕು. ಜ್ವರ ಬಂದವರ ರಕ್ತ ಬೇಗ ಶಿವಮೊಗ್ಗಕ್ಕೆ ಕಳಿಸಬೇಕು. ಆಗಿನ್ನೂ ಇದ್ದ ಹಳೆಯ ಲಸಿಕೆಯೋ, ತಿಂಗಳ ಅಂತರದಲ್ಲಿ ಎರಡು ಸುತ್ತು, ಆರೇಳು ತಿಂಗಳು ಬಿಟ್ಟು ಇನ್ನೊಂದು ಸುತ್ತು. (ಆ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು.) ಇವೆಲ್ಲವೂ ಅದೇ ನಾಲ್ಕಾರು ಕೈಗಳ ಕೆಲಸ.

ಅದಕ್ಕಿಂತ ಕೆಟ್ಟದ್ದು ಹೆದರಿಕೆ. ದರಗು ತರಲು ಹೋಗುತ್ತಿದ್ದ ಆಳೊಬ್ಬ ನಮ್ಮ ನೆರೆಯ ತೋಟದಲ್ಲಿ ನಾಲ್ಕು ದಿನ ಜ್ವರ ಮುಚ್ಚಿಟ್ಟ. ಹೇಳಿದರೆ ಕೊರೋನಾ ಎಂದು ಹಿಡಿದುಕೊಂಡು ಹೋಗುತ್ತಾರೆ, ಲೈನಿಗೆಲ್ಲ ಹಗ್ಗ ಕಟ್ಟುತ್ತಾರೆ, ಉಳಿದವರ ಕೂಲಿಯೂ ಹೋಗುತ್ತದೆ ಎಂಬ ಭಯ. ಐದನೆಯ ದಿನ ಒಸಡಿನಲ್ಲಿ ರಕ್ತ ಕಂಡಾಗ ಹೆಂಡತಿ ಅಳುತ್ತಾ ಬಂದು ಹೇಳಿದಳು. ಅವನಿಗೆ ಆದುದು ಮಂಗನ ಕಾಯಿಲೆ. ಬದುಕಿಕೊಂಡ. ಅವನ ಪುಣ್ಯ ದೊಡ್ಡದು ಎಂದೇ ಹೇಳಬೇಕು.

ದಾರಿ ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ನಮಗಿಂತ ದೊಡ್ಡ ಉದಾಹರಣೆ ನಮ್ಮ ಅಡಿಕೆಯ ನಂಟರದೇ ಇದೆ. ಕಾಸರಗೋಡಿನ ಬೆಳೆಗಾರರಿಗೆ ಅಡಿಕೆಯ ಮಾರುಕಟ್ಟೆಯೂ ಮಂಗಳೂರು, ದೊಡ್ಡ ಆಸ್ಪತ್ರೆಯೂ ಮಂಗಳೂರು. 2020ರ ಮಾರ್ಚ್ ಕೊನೆಯಲ್ಲಿ ನಮ್ಮ ರಾಜ್ಯವು ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ತಲಪಾಡಿಯಲ್ಲಿ ಆಂಬುಲೆನ್ಸುಗಳು ನಿಂತವು. ದಾಟಲಾಗದೆ ಹಲವು ರೋಗಿಗಳು ಸತ್ತರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತಡೆ ತೆಗೆಯಬೇಕೆಂದಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ತುರ್ತು ರೋಗಿಗಳನ್ನು ಹೇಗೆ ದಾಟಿಸಬೇಕೆಂಬ ಒಪ್ಪಂದವಾದುದು ಏಪ್ರಿಲ್ 7ಕ್ಕೆ. ಸೋಂಕು ಹಬ್ಬಬಾರದೆಂಬ ಕಾಳಜಿ ನಮ್ಮವರಿಗೆ ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಹೃದಯ ಹಿಡಿದುಕೊಂಡವನಿಗೂ ಹೆರಿಗೆ ನೋವಿನವಳಿಗೂ ಒಂದು ಗೇಟು ಬಿಡಬೇಕೆಂಬುದನ್ನು ಮಣ್ಣು ಸುರಿಯುವ ಮೊದಲೇ ಯೋಚಿಸಬೇಕಾಗಿತ್ತು. ನೆರೆಹೊರೆಯ ಮಾತಿನಲ್ಲಿ ಇಷ್ಟು ಹೇಳುವುದು ತಪ್ಪಾಗಲಾರದು.

ಮುಂದಿನ ಭಾಗ ಸ್ವಲ್ಪ ಅಂಕಿಯದು. ಬೇಸರಿಸಬೇಡಿ. ನಮ್ಮ ದೇಶದಲ್ಲಿ 2019ರಲ್ಲಿ ದಾಖಲಾದ ಕ್ಷಯರೋಗಿಗಳು ಸುಮಾರು 24 ಲಕ್ಷ. 2020ರಲ್ಲಿ ಸುಮಾರು 18 ಲಕ್ಷ. ಓದಿದವರು ಕ್ಷಯ ಇಳಿಯಿತೆಂದು ತಿಳಿಯಬೇಕು! ಇಳಿದುದು ಕಾಯಿಲೆಯಲ್ಲ, ದಾಖಲೆ. ಆ 6 ಲಕ್ಷದಲ್ಲಿ ಬಹುಪಾಲು ಜನ ಮನೆಯಲ್ಲಿ ಕೆಮ್ಮುತ್ತಾ ಕುಳಿತಿದ್ದರು. ಅವರ ಜೊತೆಗೆ ಒಂದೇ ಕೋಣೆಯಲ್ಲಿ ಮಕ್ಕಳೂ ಇದ್ದರು. ಇಡೀ ಜಗತ್ತಿನಲ್ಲಿಯೂ ಹೊಸದಾಗಿ ಪತ್ತೆಯಾದವರ ಲೆಕ್ಕ 71 ಲಕ್ಷದಿಂದ 58 ಲಕ್ಷಕ್ಕೆ ಬಿತ್ತು, ಕ್ಷಯದಿಂದ ಸತ್ತವರ ಲೆಕ್ಕ ಮಾತ್ರ ಹತ್ತು ವರ್ಷಕ್ಕೂ ಹೆಚ್ಚು ಕಾಲದಲ್ಲಿ ಮೊದಲ ಸಲ ಏರಿತು. ಕ್ಷಯದ ಔಷಧಿ ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ತೆಗೆದುಕೊಳ್ಳಬೇಕಾದುದು. ನಡುವೆ ಬಿಟ್ಟರೆ ಏನಾಗುತ್ತದೆಂದು ಅಡಿಕೆ ಬೆಳೆಗಾರನಿಗೆ ವಿವರಿಸಬೇಕಾಗಿಲ್ಲ. ಮಳೆಗೆ ಮುಂಚೆ ಒಂದು ಬೋರ್ಡೋ ಹೊಡೆದು ಎರಡನೆಯದನ್ನು ಬಿಟ್ಟವರ ತೋಟದ ಬುಡದಲ್ಲಿ ಆಗಸ್ಟಿನಲ್ಲಿ ಉದುರಿದ ಕಾಯಿ ನೋಡಿದ್ದೇವಲ್ಲ. ಕ್ಷಯದಲ್ಲಿ ಇನ್ನೂ ಒಂದು ಕೇಡು ಹೆಚ್ಚು: ಅರೆಬರೆ ಔಷಧಿ ತಿಂದು ಉಳಿದ ಕ್ರಿಮಿಗೆ ಆಮೇಲೆ ಅದೇ ಔಷಧಿ ತಾಗದೆ ಹೋಗಬಹುದು.

ಇದು ಕೊರೋನಾ ಒಂದರದೇ ಕಥೆಯಲ್ಲ. 2014ರಿಂದ 2016ರವರೆಗೆ ಪಶ್ಚಿಮ ಆಫ್ರಿಕದ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳಲ್ಲಿ ಎಬೋಲಾ ಬಂದಾಗ ಅದರಿಂದಲೇ ಸತ್ತವರು 11,000ಕ್ಕೂ ಮೇಲೆ. ಅಲ್ಲಿಯೂ ನಮ್ಮಂತೆಯೇ ಹಳ್ಳಿಯ ಸಣ್ಣ ಚಿಕಿತ್ಸಾಲಯಗಳು, ಎಣಿಸಿದಷ್ಟೇ ಸಿಬ್ಬಂದಿ. ಚಿಕಿತ್ಸೆ ಸಿಗುವುದು ಅರ್ಧಕ್ಕೆ ಇಳಿದುದರಿಂದ ಮಲೇರಿಯಾ, ಏಡ್ಸ್, ಕ್ಷಯ ಈ ಮೂರರಲ್ಲಿಯೇ ಹೆಚ್ಚುವರಿಯಾಗಿ ಸತ್ತವರು ಸುಮಾರು 10,600 ಎಂದು ತಜ್ಞರು ಆಮೇಲೆ ಅಂದಾಜು ಕಟ್ಟಿದರು. ಅಂದರೆ ಪಿಡುಗು ಎಷ್ಟು ಜನರನ್ನು ಕೊಂದಿತೋ, ಸರಿಸುಮಾರು ಅಷ್ಟೇ ಜನರನ್ನು ಮುಚ್ಚಿದ ಬಾಗಿಲು ಕೊಂದಿತು. ಲಸಿಕೆಯ ಲೆಕ್ಕವೂ ಹೀಗೆಯೇ: 2021ರಲ್ಲಿ ಜಗತ್ತಿನಲ್ಲಿ 2.5 ಕೋಟಿ ಮಕ್ಕಳಿಗೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಲಸಿಕೆಯ ಒಂದಾದರೂ ಸುತ್ತು ತಪ್ಪಿತು.

ಸರಿ, ಪುಸ್ತಕಕ್ಕೆ ಬರೋಣ. 2020ರ ಮೇ ತಿಂಗಳ ಎರಡನೆಯ ವಾರದಲ್ಲಿ ವೈದ್ಯರೊಂದಿಗೂ ನಮ್ಮ ಉಪಕೇಂದ್ರದ ಸಿಸ್ಟರೊಂದಿಗೂ ಕುಳಿತು ಮಾತನಾಡಿ ಒಂದು ಉದ್ದನೆಯ ನೋಟುಪುಸ್ತಕಕ್ಕೆ ಗೆರೆ ಹಾಕಿದೆವು. ಹೆಸರು, ತೋಟ, ಗುಳಿಗೆ ಯಾವುದು, ಎಷ್ಟು ಕೊಟ್ಟಿದೆ, ಮುಗಿಯುವ ದಿನಾಂಕ. ಈ ಕೊನೆಯ ಕಲಮೇ ಮುಖ್ಯವಾದುದು. ಮುಗಿಯುವುದಕ್ಕೆ ಹತ್ತು ದಿನ ಇರುವಾಗಲೇ ಗುಮಾಸ್ತರು ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಾರೆ. ಚೀಟಿಗಳು ಲಾರಿಯ ಜೊತೆ ಹೋಗುತ್ತವೆ. ಆರೋಗ್ಯ ಕೇಂದ್ರದಲ್ಲಿ ಒಬ್ಬೊಬ್ಬರ ಹೆಸರು ಬರೆದ ಕವರಿನಲ್ಲಿ ಗುಳಿಗೆ ಹಾಕಿ ಕೊಡುತ್ತಾರೆ. ಡ್ರೈವರು ಎಣಿಸಿ ರುಜು ಹಾಕಿ ತರುತ್ತಾನೆ. ಮನೆಮನೆಗೆ ಕೊಡುವುದು ಆಶಾ ಕಾರ್ಯಕರ್ತೆ, ಅವರಿಗೆ ಬಿಡುವಿಲ್ಲದಿದ್ದರೆ ಆಯಾ ತೋಟದ ರೈಟರು. ವೈದ್ಯರ ಚೀಟಿಯಿಲ್ಲದೆ ಒಂದು ಗುಳಿಗೆಯನ್ನೂ ನಾವು ಮುಟ್ಟುವುದಿಲ್ಲ. ಮೂರು ತಿಂಗಳಿಗೊಮ್ಮೆ ಸಿಸ್ಟರ ಹತ್ತಿರ ಒತ್ತಡ ಅಳೆಸಿಕೊಳ್ಳದವರ ಚೀಟಿ ಮುಂದಕ್ಕೆ ಹೋಗುವುದಿಲ್ಲ. ಮೊದಲ ತಿಂಗಳು ಹೆಸರು ಬರೆಸಿದವರು 19 ಮಂದಿ. ನಮಗೇ ನಾಚಿಕೆಯಾಗುವಂತೆ ಅದರಲ್ಲಿ ಬೆಳೆಗಾರರು 14, ಆಳುಗಳು 5. ಆಳುಗಳಲ್ಲಿ ಕಾಯಿಲೆ ಕಡಿಮೆಯೆಂದಲ್ಲ; ಅವರನ್ನು ಯಾರೂ ಕೇಳಿರಲಿಲ್ಲ. ಆಮೇಲೆ ಸಿಸ್ಟರು ಒಂದು ಭಾನುವಾರ ಲೈನುಗಳಿಗೇ ಹೋಗಿ ಅಳೆದು ಬಂದರು. ಅಸ್ಸಾಮಿನಿಂದ ಬಂದ ಹುಡುಗರಿಗೆ ಕನ್ನಡ ಬಾರದು, ನಮಗೆ ಅವರ ಮಾತು ಬಾರದು. ಮುರುಕು ಹಿಂದಿಯಲ್ಲಿಯೇ ನಡೆಯಿತು.

ಪುಸ್ತಕದ ಬೆಲೆ ಗೊತ್ತಾದುದು 2021ರ ಏಪ್ರಿಲ್-ಮೇಯಲ್ಲಿ. ಎರಡನೆಯ ಅಲೆ ಹಳ್ಳಿಗೇ ನುಗ್ಗಿತು. ಏಪ್ರಿಲ್ 27ರ ರಾತ್ರಿಯಿಂದ ರಾಜ್ಯ ಮತ್ತೆ ಮುಚ್ಚಿತು. ಆ ಸಲ ನಮ್ಮ ಸಂಘದ ಸದಸ್ಯರಲ್ಲಿ ಮೂವರನ್ನು ಕಳೆದುಕೊಂಡೆವು. ಅವರ ಮನೆಗಳಿಗೆ ಈ ಪುಸ್ತಕದಿಂದ ಏನೂ ಆಗಲಿಲ್ಲ, ಆಗುವಂತೆಯೂ ಇರಲಿಲ್ಲ. ಆದರೆ ಆ ಎರಡು ತಿಂಗಳಲ್ಲಿ ಪುಸ್ತಕದಲ್ಲಿದ್ದ ಒಬ್ಬರ ಗುಳಿಗೆಯೂ ನಿಲ್ಲಲಿಲ್ಲ. ಕೊರೋನಾ ಲಸಿಕೆಯ ಕಾಲದಲ್ಲಿಯೂ ಅದೇ ಪಟ್ಟಿ ಕೆಲಸಕ್ಕೆ ಬಂತು. ಮೇ ತಿಂಗಳಲ್ಲಿ 18 ದಾಟಿದವರಿಗೆ ಲಸಿಕೆ ಎಂದಾಗ ಮೊಬೈಲಿನಲ್ಲಿ ಹೆಸರು ನೋಂದಾಯಿಸಬೇಕೆಂದರು. ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡದ ನೆತ್ತಿ ಹತ್ತಿದವರು ನಮ್ಮಲ್ಲಿ ಎಷ್ಟು ಮಂದಿ! ನೋಂದಣಿಯ ಕಡ್ಡಾಯ ಜೂನ್‌ನಲ್ಲಿ ಹೋಯಿತು. ಅಷ್ಟರೊಳಗೆ ಸಂಘದ ಕಂಪ್ಯೂಟರಿನಲ್ಲಿ ಗುಮಾಸ್ತರು ರಾತ್ರಿ ಹತ್ತರವರೆಗೆ ಕುಳಿತು ಲೈನಿನವರ ಹೆಸರು ಹಾಕಿದ್ದರು. ಅವರಿಗೆ ಓವರ್‌ಟೈಮ್ ಕೊಟ್ಟಿಲ್ಲವೆಂಬುದನ್ನು ಆಡಳಿತ ಮಂಡಳಿಯವರ ಗಮನಕ್ಕೆ ಇಲ್ಲಿಯೇ ತರುತ್ತೇವೆ.

ಇನ್ನು ಖರ್ಚಿನ ಲೆಕ್ಕ. ಲಾರಿ ಹೇಗೂ ಹೋಗಿ ಬರುತ್ತದೆ. ಆರೋಗ್ಯ ಕೇಂದ್ರದಲ್ಲಿ ಕಾಯಬೇಕಾದ ಅರ್ಧ ಗಂಟೆಗೆಂದು ಡ್ರೈವರಿಗೆ ವಾರಕ್ಕೆ 100 ರೂಪಾಯಿ ಭತ್ಯೆ, ವರ್ಷಕ್ಕೆ 5,200. ನೋಟುಪುಸ್ತಕ, ಕವರು ಸೇರಿ ಇನ್ನೊಂದು 300. ಗುಳಿಗೆ ಸರ್ಕಾರದ್ದು. ಪ್ರಶ್ನೆ ಕೇಳಿದ ಹಿರಿಯರು ಕೊರೋನಾ ಹೋಯಿತೆಂದರು. ಹೌದು, 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ತುರ್ತುಸ್ಥಿತಿ ಮುಗಿಯಿತೆಂದು ಹೇಳಿತು. ಆದರೆ 14 ಕಿಲೋಮೀಟರು ಎಲ್ಲಿಗೂ ಹೋಗಿಲ್ಲ. ಜುಲೈನಲ್ಲಿ ಗುಡ್ಡ ಜರಿದರೂ ಸಂಕ ಕೊಚ್ಚಿ ಹೋದರೂ ನಮ್ಮ ಪಾಲಿಗೆ ಅದೇ ಕಥೆ. ಇನ್ನೊಂದನ್ನೂ ಹೇಳಿಬಿಡುತ್ತೇವೆ, ಹಿರಿಯರು ಕ್ಷಮಿಸಬೇಕು: ಪುಸ್ತಕದ 31ನೆಯ ಪುಟದಲ್ಲಿ ಅವರ ಮನೆಯವರ ಹೆಸರೂ ಇದೆ.

ಪುಸ್ತಕ ಮುಂದುವರಿಯಬೇಕೆ ಬೇಡವೇ ಎಂಬುದನ್ನು ಮುಂದಿನ ಮಹಾಸಭೆಯಲ್ಲಿ ಪ್ರತ್ಯೇಕ ವಿಷಯವಾಗಿ ಇಡಲಾಗುವುದು. ಬೇಡವೆಂದು ಬಹುಮತ ಬಂದರೆ ನಾವು ತಲೆಬಾಗುತ್ತೇವೆ. ಅಲ್ಲಿಯವರೆಗೆ ಎಂದಿನಂತೆ ಲಾರಿ ಶನಿವಾರ ಬೆಳಗ್ಗೆ 8 ಗಂಟೆಗೆ ಗೋದಾಮಿನಿಂದ ಹೊರಡುತ್ತದೆ. ಚೀಟಿಗಳು ಶುಕ್ರವಾರ ಸಂಜೆ 5ರೊಳಗೆ ಗುಮಾಸ್ತರ ಕೈ ಸೇರಬೇಕು. ಈ ಕೊಯ್ಲಿಗೆ ಹೊಸದಾಗಿ ಬಂದಿರುವ ಆಳುಗಳಲ್ಲಿ ದಿನವೂ ಗುಳಿಗೆ ತೆಗೆದುಕೊಳ್ಳುವವರು ಯಾರಾದರೂ ಇದ್ದಾರೆಯೇ ಎಂದು ಸದಸ್ಯರು ದಯವಿಟ್ಟು ತಾವೇ ಲೈನಿಗೆ ಹೋಗಿ ಕೇಳಿ, ಹೆಸರು ಬರೆಸಬೇಕಾಗಿ ವಿನಂತಿ.